ಕೆಲಸ ಮೆಮೊರಿ ಪಕ್ಕದಲ್ಲೇ ನಡೀಲಿ: ಲಿನಕ್ಸ್ ಕರ್ನಲ್‌ನಲ್ಲಿ ನ್ಯೂಮಾ ನೋಡ್ ನೋಡ್ಕೊಂಡು ವರ್ಕ್ ಕ್ಯೂ ಮಾಡೋದು ಹೇಗೆ

ಡ್ರೈವರ್ ಬರ್ದಿದ್ದೀರ, ವರ್ಕ್‌ಕ್ಯೂಗೆ ಕೆಲಸ ಹಾಕ್ತಿದ್ದೀರ, ಲ್ಯಾಪ್‌ಟಾಪಲ್ಲಿ ಎಲ್ಲಾ ಚೆನ್ನಾಗೇ ಓಡುತ್ತೆ, ಅದನ್ನೇ ತಗೊಂಡ್ಹೋಗಿ ಎರಡು ಸಾಕೆಟ್ ಇರೋ ಸರ್ವರ್ ಮೇಲೆ ಹಾಕಿದ್ರೆ ಒಂದು ಸಲ ಒಂದು ತರ ಸ್ಪೀಡು, ರೀಬೂಟ್ ಮಾಡಿ ನೋಡಿದ್ರೆ ಇನ್ನೊಂದು ತರ. ಕೋಡ್ ಅದೇ, ಮಷಿನ್ ಅದೇ. ಇಂಥ ಕೇಸಲ್ಲಿ ತುಂಬಾ ಸಲ ಆಗಿರೋದು ಏನಂದ್ರೆ, ಡೇಟಾ ಒಂದು ನೋಡ್‌ನ ಮೆಮೊರೀಲಿ ಕೂತಿದೆ, ಕೆಲಸ ಮಾಡೋ ಕೆವರ್ಕರ್ (ಕರ್ನಲ್‌ನ ವರ್ಕರ್ ಥ್ರೆಡ್) ಇನ್ನೊಂದು ನೋಡ್‌ನ ಸಿಪಿಯು ಮೇಲೆ ಓಡ್ತಿದೆ. ಇದನ್ನ ಸರಿ ಮಾಡೋದು ಹೇಗೆ ಅಂತ ಈ ಲೇಖನ. ವರ್ಕ್‌ಕ್ಯೂ ಅಂದ್ರೇನು, ವರ್ಕ್ ಸ್ಟ್ರಕ್ಟ್ ಅಂದ್ರೇನು ಅಂತ ಗೊತ್ತಿದೆ ಅನ್ಕೊಂಡೇ ಬರೀತಿದ್ದೀನಿ. ಫಂಕ್ಷನ್ ಹೆಸರುಗಳನ್ನ ಕನ್ನಡ ಲಿಪೀಲೇ ಬರ್ದಿದ್ದೀನಿ, ನೀವು ಟೈಪ್ ಮಾಡುವಾಗ ಎಲ್ಲಾ ಸಣ್ಣಕ್ಷರ ಇಂಗ್ಲಿಷು, ಫ್ಲಾಗ್‌ಗಳು, ಮ್ಯಾಕ್ರೋಗಳು ಮಾತ್ರ ದೊಡ್ಡಕ್ಷರ. ಆಮೇಲೆ ಇಲ್ಲಿ "ನೋಡ್" ಅಂದಾಗೆಲ್ಲ ಅದು ಮೆಮೊರಿ ನೋಡು, ಕಣ್ಣಲ್ಲಿ ನೋಡೋ ನೋಡಲ್ಲ, ಎರಡೂ ಒಂದೇ ಸಾಲಲ್ಲಿ ಬಂದ್ರೆ ಬೈಕೋಬೇಡಿ.

ನ್ಯೂಮಾ ಗೊತ್ತಿಲ್ಲದವ್ರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ದೊಡ್ಡ ಕಲ್ಯಾಣ ಮಂಟಪದಲ್ಲಿ ಎರಡು ಅಡುಗೆಮನೆ ಇದೆ, ಎರಡಕ್ಕೂ ಬೇರೆ ಬೇರೆ ಉಗ್ರಾಣ. ಈ ಕಡೆ ಭಟ್ಟರಿಗೆ ಆ ಕಡೆ ಉಗ್ರಾಣದ ಬೇಳೆ ಬೇಕಾದ್ರೂ ಸಿಗುತ್ತೆ, ಬೀಗ ಏನೂ ಹಾಕಿಲ್ಲ, ಆದ್ರೆ ಹಾಲ್ ದಾಟ್ಕೊಂಡು ಹೋಗಿ ತರ್ಬೇಕು, ಎಲ್ರೂ ಒಂದೇ ಓಣೀಲಿ ಓಡಾಡೋಕೆ ಶುರು ಮಾಡಿದ್ರೆ ಡಿಕ್ಕಿ. ಸಾಕೆಟ್ ಅಂದ್ರೆ ಅಡುಗೆಮನೆ, ಅದಕ್ಕೆ ನೇರವಾಗಿ ಸೇರಿರೋ ರ‍್ಯಾಮ್ ಉಗ್ರಾಣ, ಸಾಮಾನ್ಯವಾಗಿ ಈ ಎರಡೂ ಸೇರಿ ಒಂದು ನೋಡ್, ಓಣಿ ಅಂದ್ರೆ ಸಾಕೆಟ್‌ಗಳ ಮಧ್ಯದ ಲಿಂಕ್. ಅಕ್ಕಿ ಮೂಟೆನ ಓಣೀಲಿ ಹೊರೋ ಬದ್ಲು ಅಕ್ಕಿ ತೊಳೆಯೋ ಹುಡುಗನ್ನೇ ಆ ಕಡೆ ಕಳ್ಸಿ. ಇಷ್ಟೇ ನಾವು ಮಾಡೋಕೆ ಹೊರಟಿರೋದು.

ಹೆಜ್ಜೆ 1: ಮೊದ್ಲು ಮಷಿನ್ ನೋಡಿ

ಕೋಡ್ ಮುಟ್ಟೋಕ್ ಮುಂಚೆ ನ್ಯೂಮಾಸಿಟಿಎಲ್ ಕಮಾಂಡ್‌ಗೆ ಹಾರ್ಡ್‌ವೇರ್ ಆಪ್ಷನ್ ಕೊಟ್ಟು ಓಡ್ಸಿ. ಎಷ್ಟು ನೋಡ್, ಯಾವ ನೋಡ್‌ಗೆ ಯಾವ ಸಿಪಿಯು, ಎಷ್ಟು ಮೆಮೊರಿ, ಕೊನೇಲಿ ಒಂದು ಡಿಸ್ಟೆನ್ಸ್ ಟೇಬಲ್ ಬರುತ್ತೆ. ಆ ಟೇಬಲಲ್ಲಿ ತನ್ನಿಂದ ತನಗೆ 10, ಬೇರೆ ನೋಡ್‌ಗೆ ಸಾಮಾನ್ಯವಾಗಿ 20 ಅಥ್ವಾ 21 ಇರುತ್ತೆ. ಇದು ನ್ಯಾನೋಸೆಕೆಂಡ್ ಅಲ್ಲ, ಅಳೆದು ಬರ್ದಿರೋ ನಂಬರೂ ಅಲ್ಲ, ಫರ್ಮ್‌ವೇರ್ ತನ್ನ ಎಸ್‌ಎಲ್‌ಐಟಿ ಟೇಬಲಲ್ಲಿ ಬರ್ದಿಟ್ಟಿರೋದನ್ನ ಕರ್ನಲ್ ಹಾಗೇ ತೋರ್ಸುತ್ತೆ ಅಷ್ಟೇ. 21 ಅಂತ ಇದ್ರೆ ಎರಡು ಪಟ್ಟು ನಿಧಾನ ಅಂತ ಲೆಕ್ಕ ಹಾಕ್ಬೇಡಿ, "ದೂರ ಇದೆ" ಅಂತ ಮಾತ್ರ ತಗೊಳ್ಳಿ.

ಆಮೇಲೆ ನಿಮ್ಮ ಡಿವೈಸ್ ಯಾವ ನೋಡ್‌ಗೆ ಸೇರಿದೆ ಅಂತ ನೋಡಿ. ಪಿಸಿಐ ಕಾರ್ಡ್ ಆಗಿದ್ರೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತೀನ ಫೈಲ್‌ಗಳಾಗಿ ತೋರ್ಸೋ ಜಾಗ) ಆ ಡಿವೈಸಿನ ಡೈರೆಕ್ಟರಿ ಒಳಗೆ ನ್ಯೂಮಾ_ನೋಡ್ ಅಂತ ಒಂದು ಫೈಲ್ ಇರುತ್ತೆ, ಕ್ಯಾಟ್ ಮಾಡಿದ್ರೆ 0, 1 ಹೀಗೆ ಬರುತ್ತೆ. -1 ಬಂದ್ರೆ ಫರ್ಮ್‌ವೇರ್ ಏನೂ ಹೇಳಿಲ್ಲ ಅಂತ ಅರ್ಥ, ಕರ್ನಲ್ ಭಾಷೇಲಿ ನ್ಯೂಮಾ_ನೋ_ನೋಡ್. ರೂಟ್ ಆಗಿದ್ರೆ ಆ ಫೈಲ್‌ಗೆ ನಂಬರ್ ಎಕೋ ಮಾಡಿ ಬದಲಾಯಿಸ್ಬಹುದು, ಆದ್ರೆ ಕರ್ನಲ್ ಸುಮ್ನೆ ಬಿಡಲ್ಲ, ಫರ್ಮ್‌ವೇರ್ ಬಗ್ ಅಂತ ಲಾಗಲ್ಲಿ ಹೇಳಿ ತನ್ನನ್ನೇ ಟೇಂಟ್ ಮಾಡ್ಕೊಳ್ಳುತ್ತೆ (ಏನೋ ಎಡವಟ್ಟಾಗಿದೆ ಅಂತ ಗುರುತು ಹಾಕ್ಕೊಳ್ಳುತ್ತೆ). ಟೆಸ್ಟಿಂಗ್‌ಗೆ ಓಕೆ, ಪ್ರೊಡಕ್ಷನಲ್ಲಿ ಬಯಾಸ್ ಅಪ್‌ಡೇಟ್ ಇದ್ಯಾ ನೋಡೋದು ವಾಸಿ.

ಇನ್ನೊಂದು ವಿಷಯ, ಇತ್ತೀಚಿನ ಮಷಿನ್‌ಗಳಲ್ಲಿ ಸಿಪಿಯು ಒಂದೂ ಇಲ್ದೆ ಬರೀ ಮೆಮೊರಿ ಇರೋ ನೋಡ್‌ಗಳೂ ಸಿಗುತ್ತೆ, ಸಿಎಕ್ಸ್‌ಎಲ್ (ಪಿಸಿಐ ಸ್ಲಾಟ್ ಮೂಲಕ ಮೆಮೊರಿ ಸೇರ್ಸೋ ಹೊಸ ತರದ ಲಿಂಕ್) ಮೆಮೊರಿ ಕಾರ್ಡ್ ಹಾಕಿದ್ರೆ ಹಾಗೇ ಕಾಣ್ಸುತ್ತೆ. ಉಗ್ರಾಣ ಇದೆ, ಒಲೆ ಇಲ್ಲ. ಅಲ್ಲಿ ಕೆಲಸ ಹಾಕಿ ಅಂದ್ರೆ ಏನಾಗುತ್ತೆ ಅಂತ ಮುಂದೆ ಹೇಳ್ತೀನಿ.

ಹೆಜ್ಜೆ 2: ಡೇಟಾನ ಬೇಕಾದ ಜಾಗದಲ್ಲಿ ಕೂರ್ಸಿ

ತುಂಬಾ ಜನ ಇದನ್ನ ಬಿಟ್ಟು ಸೀದಾ ವರ್ಕ್‌ಕ್ಯೂಗೆ ಹೋಗ್ತಾರೆ. ಡೇಟಾ ಎಲ್ಲಿದೆ ಅಂತಾನೇ ಗೊತ್ತಿಲ್ದೆ ಕೆಲಸ ಎಲ್ಲಿಗೆ ಕಳ್ಸ್ತೀರ? ಕೆಮ್ಯಾಲಾಕ್ ಕರೆದ್ರೆ ಸಾಮಾನ್ಯವಾಗಿ ಆ ಕ್ಷಣದಲ್ಲಿ ಯಾವ ಸಿಪಿಯು ಮೇಲಿದ್ದೀರೋ ಅದರ ನೋಡ್‌ನಿಂದ ಸಿಗುತ್ತೆ. ಅಂದ್ರೆ ಇನ್ಸ್‌ಮಾಡ್ ಕಮಾಂಡ್ ಯಾವ ಸಿಪಿಯು ಮೇಲೆ ಓಡ್ತೋ ಅದರ ಮೇಲೆ ನಿಮ್ಮ ಇಡೀ ಡ್ರೈವರಿನ ಹಣೆಬರಹ ನಿಂತಿರುತ್ತೆ, ರೀಬೂಟಿಗೊಂದು ಸ್ಪೀಡ್ ಬರೋದು ಇದಕ್ಕೇ. ಪಿಸಿಐ ಡ್ರೈವರ್‌ಗಳಿಗೆ ಸ್ವಲ್ಪ ಪುಣ್ಯ, ಪಿಸಿಐ ಕೋರ್ ತಾನೇ ಡಿವೈಸ್ ನೋಡ್‌ನ ಸಿಪಿಯು ಹುಡುಕಿ ಪ್ರೋಬ್ ಫಂಕ್ಷನ್‌ನ (ಡಿವೈಸ್ ಸಿಕ್ಕಾಗ ಡ್ರೈವರ್ ಮೊದ್ಲು ಓಡ್ಸೋದು) ಅಲ್ಲಿ ಓಡ್ಸೋಕೆ ನೋಡುತ್ತೆ. ಆದ್ರೆ ಪ್ರೋಬ್ ಆದ್ಮೇಲೆ ಐಯಾಕ್ಟಲ್ (ಯೂಸರ್ ಪ್ರೋಗ್ರಾಂನಿಂದ ಡ್ರೈವರ್‌ಗೆ ಬರೋ ಕರೆ) ಒಳಗಡೆ ಬಫರ್ ತಗೊಂಡ್ರೆ ಆ ಪುಣ್ಯ ಕೆಲ್ಸಕ್ಕೆ ಬರಲ್ಲ.

ಹಾಗಾಗಿ ಕೆಮ್ಯಾಲಾಕ್_ನೋಡ್ ಬಳ್ಸಿ, ನೋಡ್ ನಂಬರ್ ಜಾಗಕ್ಕೆ ಡೆವ್_ಟು_ನೋಡ್ ಕೊಡೋ ಉತ್ತರ ಹಾಕಿ. ಪೇಜ್‌ಗಟ್ಲೆ ಬೇಕಾದ್ರೆ ಅಲಾಕ್_ಪೇಜಸ್_ನೋಡ್, ಇನ್ನೂ ದೊಡ್ಡದಾದ್ರೆ ವಿಮ್ಯಾಲಾಕ್_ನೋಡ್. ಇವ್ಯಾವೂ ಹಠ ಹಿಡಿಯಲ್ಲ, ಕೇಳಿದ ನೋಡ್‌ನಲ್ಲಿ ಜಾಗ ಇಲ್ಲ ಅಂದ್ರೆ ಪಕ್ಕದ ನೋಡ್‌ನಿಂದ ಕೊಟ್ಬಿಡುತ್ತೆ. ಅಲ್ಲೇ ಬೇಕು, ಇಲ್ದಿದ್ರೆ ಬೇಡವೇ ಬೇಡ ಅನ್ನೋ ಫ್ಲಾಗ್ ಇದೆ, __ಜಿಎಫ್‌ಪಿ_ದಿಸ್‌ನೋಡ್ ಅಂತ, ಆದ್ರೆ ಅದನ್ನ ಹಾಕಿದ್ರೆ ನಲ್ ವಾಪಸ್ ಬಂದಾಗ ಏನ್ ಮಾಡ್ತೀರ ಅನ್ನೋ ಕೋಡನ್ನೂ ನೀವೇ ಬರೀಬೇಕು. ನಾನಂತೂ ಹಾಕಲ್ಲ.

ಸುಮಾರು ಜನಕ್ಕೆ ಗೊತ್ತಿಲ್ದಿರೋ ಒಂದು ಅನುಕೂಲ: ಡೆವ್ಎಮ್_ಕೆಮ್ಯಾಲಾಕ್ ಮತ್ತೆ ಅದರ ತಮ್ಮಂದಿರು ಒಳಗಡೆ ಡೆವ್_ಟು_ನೋಡ್‌ನೇ ಕೇಳಿ ಮೆಮೊರಿ ತರ್ತವೆ. ಅವನ್ನೇ ಬಳಸ್ತಿದ್ರೆ ಈ ಹೆಜ್ಜೆ ಅರ್ಧ ಮುಗ್ದಂಗೇ.

ಹೆಜ್ಜೆ 3: ಯಾವ ದಾರಿ ಅಂತ ಆರಿಸ್ಕೊಳ್ಳಿ

ಕರ್ನಲ್‌ನಲ್ಲಿ "ಆಮೇಲೆ ಮಾಡು" ಅನ್ನೋಕೆ ಹತ್ತು ದಾರಿ ಇದೆ, ಇಲ್ಲಿ ಮೂರು ಮುಖ್ಯ.

ಮೊದಲ್ನೇದು ವರ್ಕ್‌ಕ್ಯೂ. ಈಗಿರೋ ರೂಪ ಟೆಜುನ್ ಹಿಯೋ ಬರ್ದಿದ್ದು, 2010ರಲ್ಲಿ 2.6.36ಕ್ಕೆ ಬಂತು, ಎಲ್ಲಾ ವರ್ಕ್‌ಕ್ಯೂಗಳೂ ಹಂಚ್ಕೊಳ್ಳೋ ವರ್ಕರ್ ಪೂಲ್‌ಗಳು (ಕೆವರ್ಕರ್‌ಗಳ ಗುಂಪು) ಅವಾಗಿಂದ. 2013ರ 3.10ರಲ್ಲಿ ಅನ್‌ಬೌಂಡ್ (ಒಂದೇ ಸಿಪಿಯುಗೆ ಕಟ್ಟಿಹಾಕದ) ವರ್ಕ್‌ಕ್ಯೂಗಳಿಗೆ ನೋಡ್‌ಗೊಂದರಂತೆ ಪೂಲ್ ಬಂತು. ಆದ್ರೆ ಅವಾಗೆಲ್ಲ ಕ್ಯೂ ಮಾಡಿದವನು ಯಾವ ನೋಡ್‌ನಲ್ಲಿದ್ನೋ ಕೆಲಸ ಅಲ್ಲೇ ನಡೀತಿತ್ತು. "ನಾನಿರೋದು ಇಲ್ಲಿ, ಕೆಲಸ ಮಾತ್ರ ಅಲ್ಲಿ ನಡೀಲಿ" ಅಂತ ನೋಡ್ ಹೆಸ್ರು ಹಿಡ್ದು ಹೇಳೋಕೆ ಆಗ್ತಿರ್ಲಿಲ್ಲ. ಅದು ಸಾಧ್ಯ ಆಗಿದ್ದು 2019ರಲ್ಲಿ ಬಂದ 5.1ರಿಂದ, ಕ್ಯೂ_ವರ್ಕ್_ನೋಡ್ ಅನ್ನೋ ಫಂಕ್ಷನ್ ಮೂಲಕ.

ಎರಡನೇದು ಅಸಿಂಕ್_ಶೆಡ್ಯೂಲ್. 2009ರಲ್ಲಿ 2.6.29ಕ್ಕೆ ಅರ್ಯನ್ ವಾನ್ ಡೆ ವೆನ್ ತಂದಿದ್ದು, ಬೂಟ್ ಬೇಗ ಆಗ್ಲಿ ಅಂತ. ಡಿಸ್ಕ್ ಹುಡುಕೋದು, ಡಿವೈಸ್ ಎಬ್ಬಿಸೋದು ಇಂಥ ನಿಧಾನದ ಕೆಲ್ಸಗಳನ್ನ ಒಟ್ಟೊಟ್ಟಿಗೆ ಶುರು ಮಾಡಿ, ಕೊನೇಲಿ ಎಲ್ಲಾ ಮುಗಿದ್ವಾ ಅಂತ ಕಾಯೋದು. ಇದಕ್ಕೂ ಅದೇ 5.1ರಲ್ಲಿ ನೋಡ್ ಹೇಳೋ ರೂಪಗಳು ಬಂದ್ವು: ಅಸಿಂಕ್_ಶೆಡ್ಯೂಲ್_ನೋಡ್ ಮತ್ತೆ ಅಸಿಂಕ್_ಶೆಡ್ಯೂಲ್_ಡೆವ್. ಈ ಪ್ಯಾಚ್‌ಗಳು ಇಂಟೆಲ್ ಕಡೆಯಿಂದ ಬಂದಿದ್ದು, ಕಾರಣ ಪರ್ಸಿಸ್ಟೆಂಟ್ ಮೆಮೊರಿ, ಅಂದ್ರೆ ಕರೆಂಟ್ ಹೋದ್ರೂ ಡೇಟಾ ಉಳಿಯೋ ಮೆಮೊರಿ. ಟೆರಾಬೈಟ್‌ಗಟ್ಲೆ ಮೆಮೊರಿಗೆ ಬೂಟ್ ಟೈಮಲ್ಲಿ ಪೇಜ್ ಸ್ಟ್ರಕ್ಟ್‌ಗಳನ್ನ ತುಂಬ್ಬೇಕು, ಆ ತುಂಬೋ ಸಿಪಿಯು ಬೇರೆ ನೋಡ್‌ನಲ್ಲಿ ಕೂತಿದ್ರೆ ಪ್ರತಿ ಬರಹವೂ ಓಣಿ ದಾಟ್ಬೇಕು. ಪ್ಯಾಚ್ ಜೊತೆ ಕೊಟ್ಟ ಲೆಕ್ಕದ ಪ್ರಕಾರ ಒಂದೇ ನೋಡ್‌ನಲ್ಲಿರೋ 3 ಟೆರಾಬೈಟ್ ತಯಾರಾಗೋಕೆ 39 ಸೆಕೆಂಡ್ ತನಕ ಹಿಡೀತಿದ್ದಿದ್ದು 23ಕ್ಕೆ ಇಳೀತು. ಕೆಲಸ ಒಂಚೂರೂ ಕಡಿಮೆ ಆಗಿಲ್ಲ, ಮಾಡೋ ಜಾಗ ಮಾತ್ರ ಬದಲಾಯ್ತು.

ಮೂರನೇದು ಸ್ವಂತ ಕೆಥ್ರೆಡ್, ಅಂದ್ರೆ ಕರ್ನಲ್ ಥ್ರೆಡ್. ಇಲ್ಲೊಂದು ಗುಂಡಿ ಇದೆ ಹುಷಾರು. ಕೆಥ್ರೆಡ್_ಕ್ರಿಯೇಟ್_ಆನ್_ನೋಡ್ ಅಂತ ಹೆಸರು ಕೇಳಿದ್ರೆ ಥ್ರೆಡ್ ಆ ನೋಡ್ ಮೇಲೇ ಓಡುತ್ತೆ ಅನ್ಸುತ್ತೆ. ಬಹಳ ವರ್ಷ ಹಾಗಿರ್ಲಿಲ್ಲ, ಆ ನಂಬರ್ ಥ್ರೆಡ್ಡಿನ ಸ್ಟ್ಯಾಕ್ ಎಲ್ಲಿಂದ ತರ್ಬೇಕು ಅನ್ನೋದಕ್ಕೆ ಮಾತ್ರ, ಓಡೋದು ಎಲ್ಲಿ ಬೇಕಾದ್ರೂ. 6.14ರಿಂದ ಆ ನೋಡ್ ಕಡೆಗೇ ಒಲವು ಇಟ್ಕೊಳ್ಳೋ ಹಾಗೆ ಮಾಡಿದ್ದಾರೆ. ಹಳೇ ಕರ್ನಲ್‌ಗೂ ಕೋಡ್ ಓಡ್ಬೇಕು ಅಂದ್ರೆ ಹೆಸರು ನಂಬ್ಕೊಂಡು ಕೂರ್ಬೇಡಿ, ನೀವೇ ಬೈಂಡ್ ಮಾಡಿ.

ನನ್ನ ಲೆಕ್ಕ ಸಿಂಪಲ್. ಡ್ರೈವರ್ ಓಡ್ತಿರೋವಾಗ ಪದೇ ಪದೇ ಬರೋ ಕೆಲ್ಸಕ್ಕೆ ವರ್ಕ್‌ಕ್ಯೂ. ಪ್ರೋಬ್, ರೆಸ್ಯೂಮ್ ಇಂಥ ಒಂದ್ಸಲ ಮಾಡಿ ಮುಗಿಸೋ ಕೆಲ್ಸಕ್ಕೆ ಅಸಿಂಕ್. ಕೆಥ್ರೆಡ್ ಬೇರೆ ದಾರಿನೇ ಇಲ್ಲ ಅಂದಾಗ.

ಹೆಜ್ಜೆ 4: ವರ್ಕ್‌ಕ್ಯೂ ಕಟ್ಟೋದು, ಮತ್ತೆ ನಾನು ಬಿದ್ದ ಗುಂಡಿ

ಅಲಾಕ್_ವರ್ಕ್‌ಕ್ಯೂ ಕರೀರಿ. ಹೆಸರು ಕೊಡಿ, ಫ್ಲಾಗಲ್ಲಿ ಡಬ್ಲ್ಯೂಕ್ಯೂ_ಅನ್‌ಬೌಂಡ್ ಮತ್ತೆ ಡಬ್ಲ್ಯೂಕ್ಯೂ_ಸಿಸ್‌ಎಫ್‌ಎಸ್ ಎರಡನ್ನೂ ಆರ್ ಮಾಡಿ ಹಾಕಿ, ಮ್ಯಾಕ್ಸ್ ಆಕ್ಟಿವ್ (ಒಟ್ಟಿಗೆ ಎಷ್ಟು ಕೆಲಸ ಓಡ್ಬಹುದು) ಜಾಗಕ್ಕೆ 0 ಹಾಕಿದ್ರೆ ಡಿಫಾಲ್ಟ್. ನಿಮ್ಮ ಕೆಲಸ ಮೆಮೊರಿ ರಿಕ್ಲೇಮ್ (ಮೆಮೊರಿ ಕಮ್ಮಿ ಆದಾಗ ಕರ್ನಲ್ ಜಾಗ ಬಿಡಿಸ್ಕೊಳ್ಳೋದು) ದಾರೀಲಿ ಬರುತ್ತೆ ಅಂದ್ರೆ, ಉದಾಹರಣೆಗೆ ಸ್ಟೋರೇಜ್ ಡ್ರೈವರ್, ಡಬ್ಲ್ಯೂಕ್ಯೂ_ಮೆಮ್_ರಿಕ್ಲೇಮ್ ಕೂಡ ಬೇಕು. ಕೆಲಸ ಹಾಕುವಾಗ ಕ್ಯೂ_ವರ್ಕ್ ಬದ್ಲು ಕ್ಯೂ_ವರ್ಕ್_ನೋಡ್, ಮೊದ್ಲು ನೋಡ್ ನಂಬರ್, ಆಮೇಲೆ ವರ್ಕ್‌ಕ್ಯೂ, ಆಮೇಲೆ ವರ್ಕ್. ಹೊಸದಾಗಿ ಕ್ಯೂಗೆ ಸೇರ್ತು ಅಂದ್ರೆ ಟ್ರೂ, ಮೊದ್ಲೇ ಕ್ಯೂನಲ್ಲಿದ್ರೆ ಫಾಲ್ಸ್.

ಆ ಅನ್‌ಬೌಂಡ್ ಫ್ಲಾಗ್ ಮರೀಬೇಡಿ ಅಂತ ಹೇಳೋಕೆ ನನಗೆ ಪೂರ್ತಿ ಹಕ್ಕಿದೆ, ಯಾಕಂದ್ರೆ ನಾನೇ ಮರ್ತಿದ್ದೆ. ಹಿಂದೊಂದು ಕೆಲ್ಸದಲ್ಲಿ ಎರಡು ಸಾಕೆಟ್ ಮಷಿನ್, ಸಾಕೆಟ್‌ಗೆ 16 ಕೋರ್, ಹೈಪರ್‌ಥ್ರೆಡಿಂಗ್ ಆಫ್, ನೋಡ್ 0ಗೆ ಸಿಪಿಯು 0ರಿಂದ 15, ನೋಡ್ 1ಕ್ಕೆ 16ರಿಂದ 31. ಕಾರ್ಡು ನೋಡ್ 1ರಲ್ಲಿ, ರಿಕ್ವೆಸ್ಟ್ ಬರೋದೆಲ್ಲ ನೋಡ್ 0ರಿಂದ. ಹಳೇ ಕೋಡಲ್ಲಿದ್ದ ಕ್ಯೂ_ವರ್ಕ್ ಎಲ್ಲಾ ತೆಗ್ದು ಕ್ಯೂ_ವರ್ಕ್_ನೋಡ್ ಹಾಕ್ದೆ, ಕಂಪೈಲ್ ಆಯ್ತು, ಲೋಡ್ ಆಯ್ತು, ಓಡ್ಸಿದ್ರೆ ಮೊದಲಿಗಿಂತ ನಿಧಾನ. ಟಾಪ್ ತೆಗ್ದು 1 ಒತ್ತಿ ನೋಡಿದ್ರೆ ಸಿಪಿಯು 16 ಒಂದೇ ನೂರಕ್ಕೆ ನೂರು ಉರೀತಿದೆ, 17ರಿಂದ 31ರವರೆಗೆ ಎಲ್ಲಾ ಆರಾಮಾಗಿ ಕಾಲು ಚಾಚ್ಕೊಂಡು ಮಲಗಿದಾವೆ. ಅರ್ಧ ದಿನ ಲಾಕ್ ಕಂಟೆನ್ಷನ್ ಅನ್ಕೊಂಡು ಹುಡುಕಿದ್ದೇ ಹುಡುಕಿದ್ದು.

ಆಗಿದ್ದೇನು ಅಂದ್ರೆ, ಕ್ಯೂ_ವರ್ಕ್_ನೋಡ್ ಒಳಗೆ ಮಾಡೋ ಕೆಲಸ ಬಹಳ ಸಣ್ಣದು. ನೀವು ಕೊಟ್ಟ ನೋಡ್ ಸರಿಯಾಗಿಲ್ಲ ಅಥ್ವಾ ಆಫ್‌ಲೈನ್ ಇದೆ ಅಂದ್ರೆ ಮಾಮೂಲಿ ಕ್ಯೂ_ವರ್ಕ್ ತರ ನಡ್ಕೊಳ್ಳುತ್ತೆ. ನೀವೀಗಾಗ್ಲೇ ಆ ನೋಡ್ ಮೇಲೇ ಇದ್ದೀರ ಅಂದ್ರೆ ಈಗಿರೋ ಸಿಪಿಯುನೇ ಆರಿಸುತ್ತೆ. ಇಲ್ಲ ಅಂದ್ರೆ ಆ ನೋಡ್‌ನ ಆನ್‌ಲೈನ್ ಸಿಪಿಯುಗಳಲ್ಲಿ ಮೊದಲ್ನೇದನ್ನ ಎತ್ಕೊಳ್ಳುತ್ತೆ. ಕಾಮೆಂಟಲ್ಲಿ "ರ‍್ಯಾಂಡಮ್" ಅಂತ ಕೋಟ್ ಮಾರ್ಕ್ ಹಾಕಿ ಬರ್ದಿದ್ದಾರೆ, ಅಸಲಿಗೆ ಮೊದಲ್ನೇದು. ವರ್ಕ್‌ಕ್ಯೂ ಅನ್‌ಬೌಂಡ್ ಆಗಿದ್ರೆ ಏನೂ ತೊಂದ್ರೆ ಇಲ್ಲ, ಆ ಸಿಪಿಯು ನಂಬರ್ ಯಾವ ಪೂಲ್ ಅಂತ ಹುಡುಕೋಕೆ ಮಾತ್ರ ಬಳಕೆ ಆಗುತ್ತೆ, ಪೂಲ್ ಒಳಗಿನ ವರ್ಕರ್ ಆ ಗುಂಪಿನ ಯಾವ ಸಿಪಿಯು ಮೇಲಾದ್ರೂ ಓಡ್ಬಹುದು. ಆದ್ರೆ ನನ್ನದು ಹಳೇ ಪರ್ ಸಿಪಿಯು ವರ್ಕ್‌ಕ್ಯೂ, ಅಲ್ಲಿ ಸಿಪಿಯು 16 ಅಂದ್ರೆ ಅದು ಆಜ್ಞೆ. ಎಲ್ಲಾ ಕೆಲಸ ಅವನೊಬ್ಬನ ತಲೆ ಮೇಲೆ.

ಕರ್ನಲ್ ಬೈದಿರ್ಲಿಲ್ವಾ ಅಂದ್ರೆ, ಬೈದಿತ್ತು! ಅನ್‌ಬೌಂಡ್ ಅಲ್ದಿದ್ರೆ ಅಲ್ಲೊಂದು ವಾರ್ನ್_ಆನ್_ಒನ್ಸ್ ಇದೆ. ಒನ್ಸ್ ಅಂದ್ರೆ ಒಂದೇ ಸಲ. ಮೊದಲ್ನೇ ಕೆಲಸ ಹಾಕಿದಾಗ ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಬಂದು ಹೋಗಿತ್ತು, ನನ್ನ ಡ್ರೈವರ್ ಹಾಕೋ ನೂರಾರು ಸಾಲು ಡಿಬಗ್ ಪ್ರಿಂಟ್ ಅಡೀಲಿ ಹೂತುಹೋಗಿತ್ತು. ವಾರ್ನ್ ಮಾಡಿ ಕೆಲಸನೂ ಕ್ಯೂ ಮಾಡ್ಬಿಡುತ್ತೆ, ಎರರ್ ವಾಪಸ್ ಕೊಡಲ್ಲ, ಹಾಗಾಗಿ ಹೊರಗಿನಿಂದ ನೋಡಿದ್ರೆ ಎಲ್ಲಾ ಸರಿ ಇದ್ದಂಗೇ.

ಇದರ ಅಣ್ಣನಂಥ ಇನ್ನೊಂದು ಗುಂಡಿ ಆರ್ಡರ್ಡ್ ವರ್ಕ್‌ಕ್ಯೂ. ಅಲಾಕ್_ಆರ್ಡರ್ಡ್_ವರ್ಕ್‌ಕ್ಯೂ ಕೂಡ ಒಳಗಡೆ ಅನ್‌ಬೌಂಡೇ, ಹಾಗಾಗಿ ವಾರ್ನಿಂಗ್ ಬರಲ್ಲ, ಆದ್ರೆ ಒಂದರ ಹಿಂದೆ ಒಂದು ನಡೀಬೇಕಾಗಿರೋದ್ರಿಂದ ಎಲ್ಲಾ ಸಿಪಿಯುಗೂ ಅದು ಒಂದೇ ಪೂಲ್ ಬಳಸುತ್ತೆ. ಅಲ್ಲಿ ನೋಡ್ ನಂಬರ್ ಕೊಟ್ರೂ ಅಷ್ಟೇ ಬಿಟ್ರೂ ಅಷ್ಟೇ.

ಹೆಜ್ಜೆ 5: ಇದು ಕೋರಿಕೆ, ಹುಕುಂ ಅಲ್ಲ ಅಂತ ತಿಳ್ಕೊಂಡು ಕೋಡ್ ಬರೀರಿ

ಕ್ಯೂ_ವರ್ಕ್_ನೋಡ್ ಕರೆದ್ರೆ ಕೆಲಸ ಅಲ್ಲೇ ನಡೀತು ಅಂತ ಗ್ಯಾರಂಟಿ ಇಲ್ಲ. ಮೊದ್ಲು ಹೇಳಿದ ಒಲೆ ಇಲ್ಲದ ನೋಡ್ ನೆನಪಿದ್ಯಾ, ಅಲ್ಲಿ ಆನ್‌ಲೈನ್ ಸಿಪಿಯುನೇ ಸಿಗಲ್ಲ, ಹಾಗಾಗಿ ಸದ್ದಿಲ್ದೆ ಮಾಮೂಲಿ ಕ್ಯೂ_ವರ್ಕ್ ಆಗ್ಬಿಡುತ್ತೆ. ಸಿಎಕ್ಸ್‌ಎಲ್ ಮೆಮೊರಿ ಮೇಲೆ ಕೆಲಸ ಮಾಡೋರು ಡಿಸ್ಟೆನ್ಸ್ ನೋಡಿ ಹತ್ರದ ಸಿಪಿಯು ಇರೋ ನೋಡ್‌ನ ತಾವೇ ಆರಿಸಿ ಕೊಡ್ಬೇಕು.

ಎರಡನೇ ಕಾರಣ ನಾನ್ ರೀಎಂಟ್ರೆನ್ಸಿ. ಒಂದೇ ವರ್ಕ್ ಸ್ಟ್ರಕ್ಟ್ ಒಂದೇ ಟೈಮಲ್ಲಿ ಎರಡು ಕಡೆ ಓಡ್ಬಾರ್ದು ಅಂತ ವರ್ಕ್‌ಕ್ಯೂ ಮಾತು ಕೊಟ್ಟಿದೆ. ನೋಡ್ 0ರ ಪೂಲಲ್ಲಿ ಆ ಕೆಲಸ ಇನ್ನೂ ಓಡ್ತಿರುವಾಗಲೇ ನೀವು ನೋಡ್ 1ಕ್ಕೆ ಅಂತ ಮತ್ತೆ ಕ್ಯೂ ಮಾಡಿದ್ರೆ, ಮಾತು ಉಳಿಸ್ಕೊಳ್ಳೋಕೆ ಅದು ನೋಡ್ 0ರ ಪೂಲಿಗೇ ಹಾಕುತ್ತೆ. ಅದಕ್ಕೇ ಒಂದೇ ವರ್ಕ್ ಸ್ಟ್ರಕ್ಟ್ ಇಟ್ಕೊಂಡು ನೋಡ್ ಬದಲಾಯಿಸ್ತಾ ಆಡ್ಬೇಡಿ. ನೋಡ್‌ಗೊಂದು ವರ್ಕ್ ಸ್ಟ್ರಕ್ಟ್ ಇಟ್ಕೊಳ್ಳಿ, ಅದನ್ನೂ ಆಯಾ ನೋಡ್‌ನ ಮೆಮೊರೀಲೇ ಇಡಿ.

ಮೂರನೇದು ಸಿಪಿಯು ಮಾಸ್ಕ್. ಅಡ್ಮಿನ್ ಯಾರೋ ಲೇಟೆನ್ಸಿ ಸರಿ ಮಾಡೋಕೆ ಅಂತ ಅನ್‌ಬೌಂಡ್ ವರ್ಕ್‌ಕ್ಯೂಗಳನ್ನ ಕೆಲವೇ ಸಿಪಿಯುಗೆ ಸೀಮಿತ ಮಾಡಿರ್ತಾರೆ, ಸಿಸ್‌ಎಫ್‌ಎಸ್‌ನ ವರ್ಕ್‌ಕ್ಯೂ ಡೈರೆಕ್ಟರೀಲಿರೋ ಸಿಪಿಯುಮಾಸ್ಕ್ ಫೈಲಲ್ಲೋ, ಬೂಟ್ ಪ್ಯಾರಾಮೀಟರಲ್ಲೋ. ನಿಮ್ಮ ನೋಡ್‌ನ ಸಿಪಿಯು ಒಂದೂ ಆ ಮಾಸ್ಕಲ್ಲಿ ಇಲ್ಲ ಅಂದ್ರೆ ಕೆಲಸ ಬೇರೆ ಕಡೆ ನಡೆಯುತ್ತೆ, ಅದು ಅಡ್ಮಿನ್ ಇಷ್ಟ, ಡ್ರೈವರ್ ಬರೆಯೋರು ತಲೆ ಹಾಕ್ಬಾರ್ದು.

ಇದೆಲ್ಲದರ ಅರ್ಥ ಏನಂದ್ರೆ ಕೆಲಸ ಎಲ್ಲಿ ಓಡಿದ್ರೂ ಉತ್ತರ ಸರಿ ಬರ್ಬೇಕು, ಸ್ಪೀಡ್ ಮಾತ್ರ ಹೆಚ್ಚುಕಡಿಮೆ ಆಗ್ಬೇಕು. "ಈ ಫಂಕ್ಷನ್ ನೋಡ್ 1ರಲ್ಲೇ ಓಡೋದು, ಹಾಗಾಗಿ ಇಲ್ಲಿ ಲಾಕ್ ಬೇಡ" ಅಂತ ಯಾರಾದ್ರೂ ಬರ್ದಿರೋದು ಕೋಡ್ ರಿವ್ಯೂನಲ್ಲಿ ಕಂಡ್ರೆ ಅಲ್ಲೇ ತಡೀರಿ.

ಹೆಜ್ಜೆ 6: 6.6 ಆದ್ಮೇಲಿನ ಕರ್ನಲ್ ಆದ್ರೆ ಸ್ಕೋಪ್ ನೋಡ್ಕೊಳ್ಳಿ

2023ರ 6.6ರಲ್ಲಿ ಟೆಜುನ್ ಅನ್‌ಬೌಂಡ್ ವರ್ಕ್‌ಕ್ಯೂನ ಮತ್ತೆ ಬಿಚ್ಚಿ ಕಟ್ಟಿದ್ರು. ಕಾರಣ, ಈಗಿನ ಪ್ರೊಸೆಸರ್‌ಗಳಲ್ಲಿ ಒಂದೇ ನೋಡ್ ಒಳಗೇ ನಾಲ್ಕಾರು ಎಲ್3 ಕ್ಯಾಶ್ ಇರುತ್ತೆ, ನೋಡ್ ಅನ್ನೋ ಅಳತೆ ತುಂಬಾ ದೊಡ್ಡದಾಯ್ತು. ಹಾಗಾಗಿ ಐದು ಸ್ಕೋಪ್ (ಒಂದು ಪೂಲ್‌ಗೆ ಎಷ್ಟು ದೊಡ್ಡ ಸಿಪಿಯು ಗುಂಪು ಅನ್ನೋ ಅಳತೆ) ಬಂತು: ಸಿಪಿಯು, ಎಸ್‌ಎಮ್‌ಟಿ (ಒಂದೇ ಕೋರಿನ ಥ್ರೆಡ್‌ಗಳು), ಕ್ಯಾಶ್, ನ್ಯೂಮಾ, ಸಿಸ್ಟಮ್. ಡಿಫಾಲ್ಟು ಕ್ಯಾಶ್.

ಇದು ನಮಗೆ ಯಾಕೆ ಮುಖ್ಯ ಅಂದ್ರೆ, ಕ್ಯೂ_ವರ್ಕ್_ನೋಡ್ ಮೊದಲ್ನೇ ಸಿಪಿಯು ಆರಿಸುತ್ತೆ ಅಂದ್ನಲ್ಲ, ಕ್ಯಾಶ್ ಸ್ಕೋಪಲ್ಲಿ ಆ ಸಿಪಿಯು ಸೇರಿರೋ ಎಲ್3 ಗುಂಪಿನ ಪೂಲ್ ಸಿಗುತ್ತೆ, ಇಡೀ ನೋಡ್‌ನದ್ದಲ್ಲ. ಬೇರೆ ನೋಡ್‌ನಿಂದ ಹಾಕಿದ ಕೆಲಸ ಎಲ್ಲಾ ಆ ಒಂದು ಎಲ್3 ಅಡೀಲಿರೋ ನಾಲ್ಕೋ ಎಂಟೋ ಕೋರ್ ಕಡೆ ಹೋಗಿ ಶುರು ಆಗುತ್ತೆ. ದೊಡ್ಡ ಚಿಪ್ಪಲ್ಲಿ ನನ್ನ ಸಿಪಿಯು 16ರ ಕಥೆಯ ಚಿಕ್ಕ ರೂಪ ಇದು. ಪರಿಹಾರ ಸುಲಭ, ಡಬ್ಲ್ಯೂಕ್ಯೂ_ಸಿಸ್‌ಎಫ್‌ಎಸ್ ಹಾಕಿದ್ರಲ್ಲ ಅದು ಇಲ್ಲಿ ಉಪಯೋಗಕ್ಕೆ ಬರುತ್ತೆ, ಸಿಸ್‌ಎಫ್‌ಎಸ್‌ನಲ್ಲಿ ನಿಮ್ಮ ವರ್ಕ್‌ಕ್ಯೂ ಹೆಸರಿನ ಡೈರೆಕ್ಟರಿ ಒಳಗೆ ಅಫಿನಿಟಿ_ಸ್ಕೋಪ್ ಅಂತ ಫೈಲ್ ಇದೆ, ಅದಕ್ಕೆ ನ್ಯೂಮಾ ಅಂತ ಎಕೋ ಮಾಡಿ. ಇಡೀ ಸಿಸ್ಟಮ್‌ಗೆ ಬದಲಾಯಿಸೋಕೆ ಬೂಟ್ ಪ್ಯಾರಾಮೀಟರೂ ಇದೆ, ಆದ್ರೆ ನಿಮ್ಮೊಬ್ಬರ ಡ್ರೈವರ್‌ಗೋಸ್ಕರ ಊರನ್ನೆಲ್ಲ ಎಬ್ಬಿಸ್ಬೇಡಿ.

ಪಕ್ಕದಲ್ಲೇ ಅಫಿನಿಟಿ_ಸ್ಟ್ರಿಕ್ಟ್ ಅಂತ ಇನ್ನೊಂದು ಫೈಲ್. ಡಿಫಾಲ್ಟ್ 0, ಅಂದ್ರೆ ವರ್ಕರ್ ನಿಮ್ಮ ಗುಂಪಲ್ಲಿ ಎದ್ದೇಳುತ್ತೆ, ಆಮೇಲೆ ಬೇರೆ ಕಡೆ ಸಿಪಿಯು ಖಾಲಿ ಇದ್ರೆ ಶೆಡ್ಯೂಲರ್ ಅಲ್ಲಿಗೆ ಕರ್ಕೊಂಡ್ಹೋಗ್ಬಹುದು. 1 ಹಾಕಿದ್ರೆ ಗುಂಪು ಬಿಟ್ಟು ಕದಲಲ್ಲ. ನೋಡಿದ ತಕ್ಷಣ ಕೈ 1ರ ಕಡೆ ಹೋಗುತ್ತೆ, ತಡ್ಕೊಳ್ಳಿ. ಕರ್ನಲ್ ಡಾಕ್ಯುಮೆಂಟೇಷನ್‌ನಲ್ಲೇ ಒಂದು ಪ್ರಯೋಗ ಇದೆ, ನಾಲ್ಕು ಎಲ್3 ಇರೋ 12 ಕೋರಿನ ರೈಜನ್ 9 ಮೇಲೆ ಡಿಎಮ್ ಕ್ರಿಪ್ಟ್ (ಡಿಸ್ಕ್ ಎನ್‌ಕ್ರಿಪ್ಷನ್) ಓಡ್ಸಿರೋದು. ಸಿಪಿಯು ತುಂಬೋಷ್ಟು ಕೆಲಸ ಇಲ್ದೆ ಇದ್ದಾಗ, ಸಿಸ್ಟಮ್ ಸ್ಕೋಪಿಗೆ ಹೋಲಿಸಿದ್ರೆ ಬರೀ ಕ್ಯಾಶ್ ಸ್ಕೋಪಲ್ಲಿ ಬ್ಯಾಂಡ್‌ವಿಡ್ತ್ ನಷ್ಟ ಸುಮಾರು 2%, ಸ್ಟ್ರಿಕ್ಟ್ ಮಾಡಿದ್ರೆ 20%. ಈ ಅಡುಗೆಮನೇಲಿ ಎಲ್ರೂ ಬೆವರು ಸುರಿಸ್ತಿದ್ದಾರೆ, ಆ ಕಡೆ ಭಟ್ಟರು ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದಾರೆ, ಆದ್ರೂ ಸಹಾಯಕ್ಕೆ ಬರೋ ಹಾಗಿಲ್ಲ ಅಂದ್ರೆ ಊಟ ಲೇಟಾಗ್ದೆ ಇನ್ನೇನು?

ಹೆಜ್ಜೆ 7: ಅಸಿಂಕ್ ದಾರಿ ಹಿಡಿದ್ರೆ

ಇದು ಚಿಕ್ಕದು. ಡಿವೈಸ್ ಕೈಯಲ್ಲಿದ್ರೆ ಅಸಿಂಕ್_ಶೆಡ್ಯೂಲ್_ಡೆವ್ ಕರೀರಿ, ಫಂಕ್ಷನ್ ಮತ್ತೆ ಡಿವೈಸ್ ಕೊಟ್ರೆ ಸಾಕು, ನೋಡ್ ಅದೇ ಕೇಳ್ಕೊಳ್ಳುತ್ತೆ. ಡಿವೈಸ್ ಇಲ್ದಿದ್ರೆ ಅಸಿಂಕ್_ಶೆಡ್ಯೂಲ್_ನೋಡ್. ಒಂದು ಕುಕೀ ವಾಪಸ್ ಬರುತ್ತೆ, ಕಾಯೋಕೆ ಬೇಕಾಗುತ್ತೆ. ನಿಮ್ಮದೇ ಡೊಮೇನ್ (ನಿಮ್ಮ ಅಸಿಂಕ್ ಕೆಲಸಗಳ ಪ್ರತ್ಯೇಕ ಗುಂಪು) ಮಾಡ್ಕೊಂಡು ಅದನ್ನ ಮಾತ್ರ ಕಾಯೋದು ಒಳ್ಳೇದು, ಅಸಿಂಕ್_ಸಿಂಕ್ರೊನೈಸ್_ಫುಲ್ ಕರೆದ್ರೆ ಯಾರ್ಯಾರದೋ ಡಿಸ್ಕ್ ಪ್ರೋಬ್ ಮುಗಿಯೋವರೆಗೂ ನೀವು ಕಾಯ್ತೀರ. ಅದನ್ನೇ ಅಸಿಂಕ್ ಫಂಕ್ಷನ್ ಒಳಗಡೆಯಿಂದ ಕರೆದ್ರಂತೂ ತಾನು ಮುಗಿಯೋದನ್ನ ತಾನೇ ಕಾಯ್ತಾ ನಿಲ್ಲುತ್ತೆ.

ನೆನಪಲ್ಲಿ ಇಟ್ಕೋಬೇಕಾದ್ದು ಒಂದಿದೆ: ಮೆಮೊರಿ ಸಿಗ್ಲಿಲ್ಲ ಅಂದ್ರೆ, ಅಥ್ವಾ ಬಾಕಿ ಕೆಲ್ಸ 32768 ದಾಟಿದ್ರೆ, ನಿಮ್ಮ ಫಂಕ್ಷನ್ ಅಲ್ಲೇ, ಅವಾಗ್ಲೇ, ಕರೆದವರ ಸಿಪಿಯು ಮೇಲೇ ಓಡ್ಬಿಡುತ್ತೆ. ನೋಡೂ ಇಲ್ಲ, ಅಸಿಂಕೂ ಇಲ್ಲ. ಲಾಕ್ ಹಿಡ್ಕೊಂಡು ಕರೆದಿದ್ದು ಫಂಕ್ಷನ್ ಒಳಗೂ ಅದೇ ಲಾಕ್ ಬೇಕು ಅಂದ್ರೆ ಡೆಡ್‌ಲಾಕ್, ಅದೂ ಮೆಮೊರಿ ಕಮ್ಮಿ ಇದ್ದಾಗ ಮಾತ್ರ ಬರೋ ತರದ್ದು. ಕರ್ನಲ್‌ನ ಪವರ್ ಮ್ಯಾನೇಜ್‌ಮೆಂಟ್ ಕೋಡೇ ಇದಕ್ಕೆ ಸಿಕ್ಕಿಹಾಕ್ಕೊಂಡು, 6.8ರಲ್ಲಿ ಅಸಿಂಕ್_ಶೆಡ್ಯೂಲ್_ಡೆವ್_ನೋಕಾಲ್ ಅಂತ ಹೊಸದೊಂದು ತರ್ಬೇಕಾಯ್ತು, ಅದು ಆಗ್ಲಿಲ್ಲ ಅಂದ್ರೆ ಫಾಲ್ಸ್ ಕೊಟ್ಟು ಸುಮ್ನಾಗುತ್ತೆ.

ಹೆಜ್ಜೆ 8: ಕಣ್ಣಾರೆ ನೋಡಿ ನಂಬಿ

ಟ್ರೇಸಿಂಗ್ ಡೈರೆಕ್ಟರೀಲಿ ಸೆಟ್_ಇವೆಂಟ್ ಫೈಲಿಗೆ ವರ್ಕ್‌ಕ್ಯೂ_ಕ್ಯೂ_ವರ್ಕ್ ಮತ್ತೆ ವರ್ಕ್‌ಕ್ಯೂ_ಎಕ್ಸಿಕ್ಯೂಟ್_ಸ್ಟಾರ್ಟ್ ಎರಡು ಇವೆಂಟ್ ಹಾಕಿ, ಟ್ರೇಸ್_ಪೈಪ್ ಕ್ಯಾಟ್ ಮಾಡಿ. ಕ್ಯೂ ಆದ ಸಾಲಲ್ಲಿ ರಿಕ್ಯು_ಸಿಪಿಯು ಅಂತ ಒಂದು ನಂಬರ್ ಇರುತ್ತೆ, ನೋಡ್ ಹಿಂಟ್ ಕೆಲಸ ಮಾಡಿದ್ರೆ ಅಲ್ಲಿ ನಿಮ್ಮ ನೋಡ್‌ನ ಸಿಪಿಯು ಕಾಣುತ್ತೆ, ನನ್ನ ಮಷಿನಲ್ಲಾದ್ರೆ 16. ಅದರ ಬದ್ಲು 8192 ತರ ವಿಚಿತ್ರ ದೊಡ್ಡ ನಂಬರ್ ಕಂಡ್ರೆ ಗಾಬರಿ ಆಗ್ಬೇಡಿ, ಅದು ಕರ್ನಲ್ ಕಂಪೈಲ್ ಮಾಡಿದಾಗ ಇಟ್ಟ ಗರಿಷ್ಠ ಸಿಪಿಯು ಸಂಖ್ಯೆ, "ಯಾವುದೂ ಹೇಳಿಲ್ಲ" ಅನ್ನೋದಕ್ಕೆ ಅದನ್ನೇ ಬಳಸ್ತಾರೆ. ಅಂದ್ರೆ ನಿಮ್ಮ ಹಿಂಟ್ ಬಿದ್ದುಹೋಗಿದೆ, ಬಹುಶಃ ಡೆವ್_ಟು_ನೋಡ್ -1 ಕೊಟ್ಟಿದೆ. ಆಮೇಲೆ ಎಕ್ಸಿಕ್ಯೂಟ್ ಸಾಲಿನ ಎಡಗಡೆ ಬ್ರಾಕೆಟಲ್ಲಿರೋ ಸಿಪಿಯು ನೋಡಿ, ಕೆಲಸ ನಿಜವಾಗ್ಲೂ ಶುರುವಾಗಿದ್ದು ಅಲ್ಲಿ. ಥ್ರೆಡ್ ಹೆಸರು ಕೆವರ್ಕರ್ ಸ್ಲ್ಯಾಶ್ ಯು ಅಂತ ಇದ್ರೆ ಅನ್‌ಬೌಂಡ್, ಯು ಇಲ್ದೆ ಸೀದಾ ಸಿಪಿಯು ನಂಬರ್ ಇದ್ರೆ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರ.

ಎರಡು ಸಾಕೆಟ್ ಮಷಿನ್ ಮನೇಲಿ ಯಾರ ಹತ್ರ ಇರುತ್ತೆ ಹೇಳಿ. ಕ್ಯೂಎಮು (ವರ್ಚುವಲ್ ಮಷಿನ್ ಓಡ್ಸೋ ಸಾಫ್ಟ್‌ವೇರ್) ಸಾಕು, ಎರಡು ಮೆಮೊರಿ ಬ್ಯಾಕೆಂಡ್ ಮಾಡಿ, ನ್ಯೂಮಾ ಆಪ್ಷನಲ್ಲಿ ನೋಡ್ 0ಗೆ ಸಿಪಿಯು 0ರಿಂದ 3, ನೋಡ್ 1ಕ್ಕೆ 4ರಿಂದ 7 ಕೊಡಿ, ಡಿಸ್ಟೆನ್ಸೂ ನೀವೇ ಬರೀಬಹುದು. ಕೆಲಸ ಎಲ್ಲಿಗೆ ಹೋಯ್ತು ಅಂತ ಇಲ್ಲಿ ಪೂರ್ತಿ ಟೆಸ್ಟ್ ಮಾಡ್ಬಹುದು. ಸ್ಪೀಡ್ ಮಾತ್ರ ಇಲ್ಲಿ ಅಳೀಬೇಡಿ, ಎರಡು ನೋಡೂ ನಿಮ್ಮ ಲ್ಯಾಪ್‌ಟಾಪಿನ ಒಂದೇ ರ‍್ಯಾಮ್.

ಒಂದು ಬಿಟ್ಟೋಗಿತ್ತು, ಡಿಲೇಡ್ ವರ್ಕ್. ಕ್ಯೂ_ಡಿಲೇಡ್_ವರ್ಕ್‌ಗೆ ನೋಡ್ ಹೇಳೋ ರೂಪ ಇಲ್ಲ, ಸಿಪಿಯು ಹೇಳೋ ಆನ್ ರೂಪ ಮಾತ್ರ ಇದೆ. ಟೈಮರ್ ಬಡಿದಾಗ ಒಂದು ಸಣ್ಣ ಫಂಕ್ಷನ್ ಓಡ್ಸಿ ಅಲ್ಲಿಂದ ಕ್ಯೂ_ವರ್ಕ್_ನೋಡ್ ಕರೆಯೋದು ನನಗೆ ಒಗ್ಗಿರೋ ದಾರಿ, ಎರಡು ಸಲ ಕ್ಯೂ ಆಗುತ್ತೆ ನಿಜ, ಆದ್ರೆ ಎಷ್ಟೋ ಮಿಲಿಸೆಕೆಂಡ್ ಕಾದಿದ್ದೀರ, ಇನ್ನು ನಾಲ್ಕು ಮೈಕ್ರೋಸೆಕೆಂಡ್ ಯಾರ್ ಕೇಳ್ತಾರೆ. ಮತ್ತೆ ಕೆಲಸ ಅಂದ್ರೆ ಒಂದು ಫ್ಲಾಗ್ ಬದಲಾಯಿಸಿ ಯಾರನ್ನೋ ಎಬ್ಬಿಸೋದು ಅಷ್ಟೇ ಅಂದ್ರೆ ಇದ್ಯಾವ್ದೂ ಬೇಡ, ಮಾಮೂಲಿ ಕ್ಯೂ_ವರ್ಕ್ ಹಾಕಿ ಮನೆಗೆ ಹೋಗಿ. ಮೆಗಾಬೈಟ್‌ಗಟ್ಲೆ ಮೆಮೊರಿ ಮುಟ್ಟೋ ಕೆಲಸ ಇದ್ರೆ ಮಾತ್ರ ಈ ಓಡಾಟ.

ನನ್ನ ಆ ಡ್ರೈವರ್‌ಗೆ ಕೊನೆಗೆ ಹೋಗಿದ್ದು ಒಂದೇ ಸಾಲಿನ ಪ್ಯಾಚು, ಅಲಾಕ್_ವರ್ಕ್‌ಕ್ಯೂನಲ್ಲಿ 0 ಇದ್ದ ಜಾಗಕ್ಕೆ ಡಬ್ಲ್ಯೂಕ್ಯೂ_ಅನ್‌ಬೌಂಡ್. ಅವತ್ತಿಂದ ನಾನು ಬರೆಯೋ ಎಲ್ಲಾ ಟೆಸ್ಟ್ ಸ್ಕ್ರಿಪ್ಟಿನ ಕೊನೇ ಸಾಲೂ ಒಂದೇ: ಡಿಮೆಸೇಜ್‌ನಲ್ಲಿ ವಾರ್ನಿಂಗ್ ಅನ್ನೋ ಪದ ಗ್ರೆಪ್ ಮಾಡು, ಸಿಕ್ಕಿದ್ರೆ ಟೆಸ್ಟ್ ಫೇಲ್.